ಹೆದೆಯಿಂದ ಸರಪಳಿಗೆ: ಗೋಕಾಕ, ಮೂಡಲಗಿ, ಹುಕ್ಕೇರಿ ಪರಿಸರದಲ್ಲಿ ಬಿಲ್ಲಿನ ಸೆಳೆತ ಮತ್ತು ಬೆನ್ನಿನ ಬಲ

ಬೆಳಗಾವಿ ಜಿಲ್ಲೆಯ ಜಾತ್ರೆ, ಉತ್ಸವ ಹಾಗೂ ಮೆರವಣಿಗೆಗಳಲ್ಲಿ ಹಲಗಿಯ ಗತ್ತಿಗೆ ಹೆಜ್ಜೆಹಾಕುವ ಲೇಜಿಮ್ ಮೇಳವನ್ನು ಇಂದು ಜನಪದ ಕುಣಿತವೆಂದೇ ಗುರುತಿಸಲಾಗುತ್ತದೆ. ಕುಣಿತದ ಕೋಶಗಳಲ್ಲಿ ಅದಕ್ಕೆ ಸ್ಥಾನವಿದೆ; ಆಯುಧಗಳ ಚರಿತ್ರೆಯಲ್ಲಿ ಇಲ್ಲ. ಆದರೆ ಈ ಪದ ಕನ್ನಡಕ್ಕೂ ಮರಾಠಿಗೂ ಬಂದದ್ದು ಪಾರಸಿಯಿಂದ. ಹೆದೆಯ ಬದಲು ಕಬ್ಬಿಣದ ಸರಪಳಿಯನ್ನು ಬಿಗಿದ, ಅಂಗಸಾಧನೆಗೆ ಬಳಸುವ ಬಿಲ್ಲು ಎಂಬುದು ಪಾರಸಿ ಮತ್ತು ಉರ್ದು ನಿಘಂಟುಗಳು ಅದಕ್ಕೆ ಕೊಡುವ ಅರ್ಥ. ಬಾಣವನ್ನು ಎಸೆಯಲಾಗದ ಈ ಬಿಲ್ಲು ಒಂದು ಕಾಲಕ್ಕೆ ಬಾಣವನ್ನು ಎಸೆಯಬೇಕಾದವನ ಹೆಗಲನ್ನೂ ಬೆನ್ನನ್ನೂ ಸಿದ್ಧಗೊಳಿಸುವ ಉಪಕರಣವಾಗಿತ್ತು. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಬಿಲ್ಲುವಿದ್ಯೆಯ ಚರಿತ್ರೆಯನ್ನು ಅರಸುವವರು ಕೋಟೆಕೊತ್ತಲಗಳಿಗೆ ಹೋಗುವಷ್ಟೇ ಅಗತ್ಯವಾಗಿ ಗರಡಿಮನೆಗೂ ಹೋಗಬೇಕಾದುದು ಈ ಕಾರಣದಿಂದ.

ಬಿದಿರು, ಕೊಂಬು, ನರ, ಅಂಟುಗಳು ಮಣ್ಣಿನಲ್ಲಿ ಉಳಿಯುವ ವಸ್ತುಗಳಲ್ಲ. ಬಾಣದ ಕಬ್ಬಿಣದ ಮೊನೆ ಉಳಿದರೂ ಅದನ್ನು ಎಸೆದ ಬಿಲ್ಲು ಉಳಿಯುವುದಿಲ್ಲ. ಬಿಲ್ಲು ಉಳಿದರೂ ಅದನ್ನು ಸೆಳೆದ ಮೈಯ ಅಭ್ಯಾಸ ಉಳಿಯುವುದಿಲ್ಲ. ಆದುದರಿಂದ ಸೆಳೆತದ ಚರಿತ್ರೆಯನ್ನು ಶಾಸ್ತ್ರಗ್ರಂಥ, ಶಿಲ್ಪ, ಕಾನೂನು, ಅಂಗಸಾಧನೆ ಎಂಬ ಪರೋಕ್ಷ ಆಕರಗಳಿಂದಲೇ ಕಟ್ಟಬೇಕಾಗುತ್ತದೆ.

ಸೆಳೆತದ ಸ್ವರೂಪವನ್ನು ಮೊದಲು ಸ್ಪಷ್ಟಪಡಿಸಿಕೊಳ್ಳುವುದು ಒಳಿತು. ಬಿಲ್ಲನ್ನು ಸೆಳೆಯುವುದು ತೋಳಿನ ಕೆಲಸವೆಂಬುದು ನೋಡುವವರ ತಿಳುವಳಿಕೆ. ನುರಿತ ಬಿಲ್ಲುಗಾರನಲ್ಲಿ ಮುಂಗೈ ಮತ್ತು ಬೆರಳುಗಳು ಹೆದೆಗೆ ಹಾಕಿದ ಕೊಕ್ಕೆಯಷ್ಟೇ ಆಗಿರುತ್ತವೆ. ಸೆಳೆಯುವ ಬಲ ಹುಟ್ಟುವುದು ಹೆಗಲಹಲಗೆಯನ್ನು ಬೆನ್ನುಹುರಿಯ ಕಡೆಗೆ ಎಳೆಯುವ ಸ್ನಾಯುಗಳಲ್ಲಿ. ದೇಹಶಾಸ್ತ್ರದಲ್ಲಿ ರಾಂಬಾಯ್ಡ್ ಮತ್ತು ಟ್ರಪೀಜಿಯಸ್ ಎಂದು ಕರೆಯುವ ಸ್ನಾಯುಗಳು ಇವು. ಮೊಣಕೈ ಬಾಣದ ನೇರಕ್ಕೆ ಹಿಂದೆ ಸರಿದು, ಎರಡು ಹೆಗಲಹಲಗೆಗಳ ನಡುವಣ ಬಿಗಿತವೇ ಹೆದೆಯನ್ನು ಹಿಡಿದು ನಿಲ್ಲಿಸಿದಾಗ ಬೆರಳು ಸಡಿಲಗೊಳ್ಳಬಹುದು, ಬಿಡುಗಡೆ ನೇರವಾಗುತ್ತದೆ. ತೋಳಿನಿಂದಲೇ ಸೆಳೆದವನ ಮುಂಗೈ ನಡುಗುತ್ತದೆ, ಬೆರಳು ಬಿಗಿಯುತ್ತದೆ, ಬಾಣ ಪಕ್ಕಕ್ಕೆ ಹೊರಳುತ್ತದೆ. ಇಷ್ಟು ಎಲ್ಲ ಬಿಲ್ಲುಗಳಿಗೂ ಸಮಾನ. ಆದರೆ ಈ ಬಿಗಿತ ಯಾವ ಕ್ಷಣದಲ್ಲಿ ತುಂಬಬೇಕು, ಎಷ್ಟು ಹೊತ್ತು ನಿಲ್ಲಬೇಕು, ಮೊಣಕೈ ಎಷ್ಟು ಎತ್ತರದಲ್ಲಿರಬೇಕು ಎಂಬುದನ್ನು ಬಿಲ್ಲೇ ನಿರ್ಧರಿಸುತ್ತದೆ. ಬಿಲ್ಲು ಬದಲಾದಾಗ ಬೆನ್ನೂ ಹೊಸ ಪಾಠ ಕಲಿಯಬೇಕಾಗುತ್ತದೆ. ಆಯುಧ ಚರಿತ್ರೆಯ ಬರೆಹಗಳು ಬಿಲ್ಲಿನ ಬದಲಾವಣೆಯನ್ನು ದಾಖಲಿಸಿ ಈ ಎರಡನೆಯ ಸಂಗತಿಯನ್ನು ಬಿಟ್ಟುಬಿಡುವುದು ಒಂದು ಕೊರತೆಯೇ ಸರಿ.

ಪ್ರಸ್ತುತ ಭೂಭಾಗ ಘಟಪ್ರಭಾ, ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳ ಸೀಮೆ. ಮೂಡಲಗಿ ಪ್ರತ್ಯೇಕ ತಾಲ್ಲೂಕಾದುದು ಇತ್ತೀಚೆಗೆ. ಅದಕ್ಕೆ ಮುನ್ನ ಅದು ಗೋಕಾಕದ ಭಾಗವಾಗಿತ್ತು. ಪಶ್ಚಿಮಕ್ಕೆ ಸಹ್ಯಾದ್ರಿಯ ಮಳೆನಾಡು, ಪೂರ್ವಕ್ಕೆ ಬಯಲು. ನಡುವೆ ಮರಳುಗಲ್ಲಿನ ಗುಡ್ಡಗಳು, ಕುರುಚಲು ಕಾಡು. ರಟ್ಟರ ಕಾಲದಲ್ಲಿ ಈ ಪ್ರದೇಶ ಕೂಂಡಿ ಮೂರುಸಾವಿರ ನಾಡಿಗೆ ಸೇರಿತ್ತು. ನಾಲ್ವಡಿ ಕಾರ್ತವೀರ್ಯನ ಕಾಲದ 1204ರ ಕಲ್ಲೋಳಿಯ ಶಾಸನ ಈ ಆಳ್ವಿಕೆಯ ಪ್ರಮುಖ ದಾಖಲೆ. 1472ರಲ್ಲಿ ಮಹಮೂದ್ ಗಾವಾನನು ಬೆಳಗಾವಿಯನ್ನು ಗೆದ್ದ ಮೇಲೆ ಬಹಮನಿಗಳ, ಅನಂತರ ವಿಜಾಪುರದ ಆದಿಲಶಾಹಿಗಳ ಆಡಳಿತ ಇಲ್ಲಿ ನೆಲೆಗೊಂಡಿತು. ಹುಕ್ಕೇರಿಯ ಗುಮ್ಮಟಗಳು ಆ ಕಾಲದವು. ರಾಜಕೀಯದ ಈ ತಿರುವು ಬಿಲ್ಲಿನ ಚರಿತ್ರೆಯಲ್ಲೂ ಒಂದು ತಿರುವಾಗಿದೆ.

ಮೊದಲ ಘಟ್ಟದ ಬಿಲ್ಲು ಬಿದಿರಿನದು ಅಥವಾ ಮರದ್ದು. ಕೌಟಿಲ್ಯನ ಅರ್ಥಶಾಸ್ತ್ರವು ತಾಳೆ, ಬಿದಿರು, ಮರ, ಕೊಂಬು ಇವುಗಳಿಂದ ಮಾಡಿದ ಬಿಲ್ಲುಗಳನ್ನು ಹೆಸರಿಸಿ, ಹೆದೆಗೆ ಮೂರ್ವೆ, ಎಕ್ಕ, ಸೆಣಬು, ಬಿದಿರು, ನರ ಮುಂತಾದ ವಸ್ತುಗಳನ್ನು ಹೇಳುತ್ತದೆ. ಅಗ್ನಿಪುರಾಣದ ಧನುರ್ವೇದ ಭಾಗ ನಾಲ್ಕು ಹಸ್ತದ ಬಿಲ್ಲನ್ನು ಶ್ರೇಷ್ಠವೆಂದೂ ಮೂರೂವರೆ ಹಸ್ತದ್ದನ್ನು ಮಧ್ಯಮವೆಂದೂ ಮೂರು ಹಸ್ತದ್ದನ್ನು ಕನಿಷ್ಠವೆಂದೂ ವಿಂಗಡಿಸುತ್ತದೆ. ಹಸ್ತವನ್ನು ಸುಮಾರು ಒಂದೂವರೆ ಅಡಿಯೆಂದು ಹಿಡಿದರೆ ಶ್ರೇಷ್ಠ ಬಿಲ್ಲು ಆರು ಅಡಿ, ಅಂದರೆ ಆಳುದ್ದ. ಈ ಅಳತೆ ಕೇವಲ ಸಂಪ್ರದಾಯವಲ್ಲ. ಒಂದೇ ವಸ್ತುವಿನ ಬಿಲ್ಲು ಗಿಡ್ಡದಾಗಿದ್ದರೆ ಸೆಳೆತದ ಕೊನೆಯಲ್ಲಿ ಅದರ ಬಿಗುಪು ಏಕಾಏಕಿ ಏರುತ್ತದೆ. ಕಿವಿಯವರೆಗೆ ಸೆಳೆಯಹೋದರೆ ಮುರಿಯುವುದೂ ಉಂಟು. ಆಳುದ್ದದ ಬಿಲ್ಲಿನಲ್ಲಿ ಬಿಗುಪು ಒಂದೇ ಸಮನಾಗಿ ಏರುವುದರಿಂದ ಕಿವಿ ಹೆಗಲುಗಳವರೆಗೂ ಹೆದೆಯನ್ನು ತರಬಹುದು, ಬೆನ್ನು ಪೂರ್ತಿ ತೊಡಗಬಹುದು. ಗಿಡ್ಡ ಬಿಲ್ಲಿನ ಬೇಟೆಗಾರ ಎದೆಯವರೆಗೆ ಸೆಳೆದು ತಟ್ಟನೆ ಬಿಡುತ್ತಾನೆ. ಪೊದೆಯ ನಡುವೆ, ಹತ್ತಿರದ ಗುರಿಗೆ ಅದು ಸಾಕು. ಅಲ್ಲಿ ಬೆನ್ನಿನ ಪಾತ್ರ ಅರೆಪಾಲಿನದು.

ಶಾರ್ಙ್ಗಧರ ಪದ್ಧತಿ (1363) ಹಾಗೂ ವಸಿಷ್ಠನ ಹೆಸರಿನಲ್ಲಿರುವ ಧನುರ್ವೇದ ಸಂಹಿತೆಗಳಲ್ಲಿ ಈ ವಿಷಯ ಇನ್ನಷ್ಟು ಸೂಕ್ಷ್ಮವಾಗಿ ಬಂದಿದೆ. ಮೂರು, ಐದು, ಏಳು, ಒಂಬತ್ತು ಗಿಣ್ಣುಗಳ ಬಿದಿರು ಗ್ರಾಹ್ಯ. ನಾಲ್ಕು, ಆರು, ಎಂಟು ಗಿಣ್ಣಿನದು ತ್ಯಾಜ್ಯ ಎನ್ನುತ್ತವೆ ಅವು. ಇದರಲ್ಲಿ ಶಕುನದ ಅಂಶವೊಂದೇ ಇದೆಯೆಂದು ಭಾವಿಸಬೇಕಾಗಿಲ್ಲ: ಗಿಣ್ಣುಗಳ ಸಂಖ್ಯೆ ಬೆಸವಾಗಿದ್ದರೆ ನಡುವಿನ ಗಿಣ್ಣು ಹಿಡಿಯ ಸ್ಥಾನಕ್ಕೆ ಬಂದು ಎರಡೂ ತೋಳುಗಳು ಸರಿಸಮವಾಗಿ ಬಾಗುವ ಅನುಕೂಲವಿರುತ್ತದೆ. ಅವೇ ಗ್ರಂಥಗಳು ಸೆಳೆತದ ಐದು ನೆಲೆಗಳನ್ನು ‘ವ್ಯಾಯ’ವೆಂದು ಕರೆಯುತ್ತವೆ. ಕೂದಲ ಬುಡದವರೆಗೆ ಸೆಳೆದುದು ಕೈಶಿಕ, ಕಿವಿಯವರೆಗಿನದು ವತ್ಸಕರ್ಣ, ಕೊರಳವರೆಗಿನದು ಭರತ, ಹೆಗಲವರೆಗಿನದು ಸ್ಕಂಧ. ಇವುಗಳ ನಡುವೆ ಸಾತ್ತ್ವಿಕವೆಂಬುದೊಂದು. ಚಿತ್ರಯುದ್ಧಕ್ಕೆ ಕೈಶಿಕ, ಗಟ್ಟಿ ಗುರಿಯನ್ನು ಭೇದಿಸಲು ಭರತ, ದೂರದ ಹಾಗೂ ದೃಢವಾದ ಗುರಿಗೆ ಸ್ಕಂಧ ಎಂಬ ವಿನಿಯೋಗವೂ ಉಂಟು. ಹೆದೆ ಹಿಡಿಯುವ ಮುಷ್ಟಿಗಳೂ ಪತಾಕಾ, ವಜ್ರಮುಷ್ಟಿ, ಸಿಂಹಕರ್ಣ, ಮತ್ಸರೀ, ಕಾಕತುಂಡೀ ಎಂದು ಐದು.

ಈ ವಿಂಗಡಣೆಯನ್ನು ಪಂಡಿತರ ಸಂಖ್ಯಾಪ್ರೀತಿಯೆಂದು ತಳ್ಳಿಹಾಕುವುದು ಸುಲಭ. ಹಾಗೆ ತಳ್ಳಿಹಾಕಿದವರೂ ಇಲ್ಲದಿಲ್ಲ. ಸೆಳೆತದ ನೆಲೆಯನ್ನು ಮೈಯ ಮೇಲೆ ಇಟ್ಟು ನೋಡಿದರೆ ಅದರ ತರ್ಕ ತಿಳಿಯುತ್ತದೆ. ಕೂದಲ ಬುಡಕ್ಕೆ ಸೆಳೆಯುವಾಗ ಮೊಣಕೈ ಎತ್ತರದಲ್ಲಿದ್ದು ಬೆನ್ನಿನ ಮೇಲ್ಭಾಗ ಮಾತ್ರ ದುಡಿಯುತ್ತದೆ. ಸೆಳೆತ ಹಗುರ, ಚುರುಕು. ಕೊರಳು, ಹೆಗಲುಗಳಿಗೆ ಇಳಿದಂತೆ ಮೊಣಕೈ ಬೆನ್ನಿನ ಹಿಂದಕ್ಕೆ ಸರಿದು ಹೆಗಲಹಲಗೆಗಳು ಒಂದನ್ನೊಂದು ಸಮೀಪಿಸುತ್ತವೆ. ಸೆಳೆತ ದೀರ್ಘ, ಬಲ ಹೆಚ್ಚು. ಒಂದೇ ಬಿಲ್ಲುಗಾರ ಗುರಿಯನ್ನೂ ಬಿಲ್ಲನ್ನೂ ನೋಡಿ ಬೆನ್ನಿನ ಬಳಕೆಯನ್ನು ಬದಲಾಯಿಸಿಕೊಳ್ಳಬೇಕೆಂಬ ತಿಳಿವು ಇಲ್ಲಿ ಸ್ಪಷ್ಟವಾಗಿದೆ. ಬಿಲ್ಲು ಬಿಲ್ಲುಗಾರನ ಸ್ವಂತ ಬಲಕ್ಕೆ ಅಳವಟ್ಟಿರಬೇಕು, ಬಿಲ್ಲಿನಿಂದಲೇ ಪೀಡಿತನಾದವನಿಗೆ ಗುರಿ ಕಾಣುವುದಿಲ್ಲ ಎಂಬ ಆಶಯದ ಮಾತೂ ಅಲ್ಲಿದೆ. ಇಂದಿನ ತರಬೇತುದಾರರು ಹೊಸಬರಿಗೆ ಹೇಳುವ ಮೊದಲ ಎಚ್ಚರಿಕೆಯೂ ಇದೇ.

ಕನ್ನಡನಾಡಿನ ಅರಸುಮನೆಗೆ ಈ ಶಾಸ್ತ್ರ ಅಪರಿಚಿತವಾಗಿರಲಿಲ್ಲ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ಅರಸನ ವಿನೋದಗಳಲ್ಲಿ ಶಸ್ತ್ರವಿನೋದವನ್ನು ಸೇರಿಸಿ ಬಿಲ್ಲಿನ ಪ್ರದರ್ಶನಕ್ಕೆ ಅಲ್ಲಿ ಎಡೆಮಾಡಿಕೊಟ್ಟಿದೆ. ಕೂಂಡಿಯ ರಟ್ಟರು ಈ ಚಾಲುಕ್ಯರ ಮಾಂಡಲಿಕರೇ ಆಗಿದ್ದರು. ಪಟ್ಟದಕಲ್ಲಿನ ಪಾಪನಾಥ ದೇವಾಲಯದ ರಾಮಾಯಣ ಫಲಕಗಳು, ಬೇಲೂರಿನ ಬೇಟೆಗಾತಿ ಮದನಿಕೆ, ಹಂಪಿಯ ಹಜಾರರಾಮ ದೇವಾಲಯದ ಉಬ್ಬುಶಿಲ್ಪಗಳು, ನಾಡಿನಾದ್ಯಂತ ಹರಡಿರುವ ವೀರಗಲ್ಲುಗಳು ಬಿಲ್ಲುಗಾರರನ್ನು ಕಡೆದು ಇರಿಸಿವೆ. ಶಿಲ್ಪವನ್ನು ಸಾಕ್ಷಿಯಾಗಿ ಬಳಸುವಾಗ ಎಚ್ಚರ ಬೇಕು. ಉಬ್ಬುಶಿಲ್ಪದ ಚಪ್ಪಟೆ ಹಿನ್ನೆಲೆಯಲ್ಲಿ ಹೆಗಲಹಲಗೆಯ ಸರಿತವನ್ನು ತೋರಿಸಲು ಕಲ್ಲುಕುಟಿಗನಿಗೆ ಅವಕಾಶವೇ ಇಲ್ಲ. ಹೆದೆ ಮುಖವನ್ನು ಮರೆಮಾಡದಂತೆ ಕೈಯನ್ನು ಕೆಳಗಿಳಿಸುವುದೂ ಉಂಟು. ಮೊಣಕೈಯ ಎತ್ತರ, ಬಿಲ್ಲಿನ ಉದ್ದ ಮತ್ತು ಕಾಲುಗಳ ಅಂತರ ಇವು ಮಾತ್ರ ಒಂದಿಷ್ಟು ನೆಚ್ಚಬಹುದಾದ ಅಂಶಗಳು.

ಎರಡನೆಯ ಘಟ್ಟದ ಬಿಲ್ಲು ಕೊಂಬು, ಮರ, ನರಗಳನ್ನು ಅಂಟಿನಿಂದ ಬೆಸೆದ ಸಂಯುಕ್ತ ಬಿಲ್ಲು. ಅರ್ಥಶಾಸ್ತ್ರದ ಕೊಂಬಿನ ಬಿಲ್ಲು ಈ ಬಗೆಯ ತಿಳಿವಳಿಕೆ ಹಳೆಯದೆಂಬುದನ್ನು ಸೂಚಿಸಿದರೂ, ದಖ್ಖನಿನಲ್ಲಿ ಅದು ಸೇನೆಯ ಸಾಮಾನ್ಯ ಆಯುಧವಾಗಿ ಹರಡಿದ್ದು ಸುಲ್ತಾನರ ಕುದುರೆದಳಗಳೊಂದಿಗೆ. ಹೆದೆ ಇಳಿಸಿದಾಗ ಮುಂದಕ್ಕೆ ಬಾಗಿ ನಿಲ್ಲುವ ಈ ಬಿಲ್ಲು ಗಿಡ್ಡದಾಗಿದ್ದೂ ದೀರ್ಘ ಸೆಳೆತವನ್ನು ತಾಳಬಲ್ಲದು. ಕುದುರೆಯ ಮೇಲೆ ಎಡಬಲಕ್ಕೆ ಹೊರಳಿಸಲು ಅನುಕೂಲ. ಆದರೆ ಗಿಡ್ಡ ಬಿಲ್ಲಿನಲ್ಲಿ ಪೂರ್ಣ ಸೆಳೆತಕ್ಕೆ ಬಂದ ಹೆದೆಯ ಕೋನ ಬಹಳ ಕಿರಿದಾಗಿ ಮೂರು ಬೆರಳಿನ ಹಿಡಿತವನ್ನು ಹಿಂಡುತ್ತದೆ. ಹೆಬ್ಬೆರಳೊಂದರಿಂದಲೇ ಹೆದೆಯನ್ನು ಸೆಳೆಯುವ, ಅದಕ್ಕೆ ಕೊಂಬಿನ, ಲೋಹದ ಅಥವಾ ಹಸಿರುಕಲ್ಲಿನ ಉಂಗುರವನ್ನು ತೊಡುವ ಪದ್ಧತಿ ಇದಕ್ಕೆ ಹೊಂದಿಕೊಂಡು ಬಂದುದು. ಭಾರತದ ವಸ್ತುಸಂಗ್ರಹಾಲಯಗಳಲ್ಲಿ ಇಂತಹ ಉಂಗುರಗಳು ಆಭರಣಗಳ ಸಾಲಿನಲ್ಲಿ ಕಾಣಸಿಗುತ್ತವೆ. ಅವುಗಳ ಮೊದಲ ಉದ್ದೇಶ ಸಿಂಗಾರವಲ್ಲ.

ಹೆಬ್ಬೆರಳಿನ ಸೆಳೆತದಲ್ಲಿ ಬಾಣ ಬಿಲ್ಲಿನ ಬಲಮಗ್ಗುಲಲ್ಲಿ ಕೂರುತ್ತದೆ. ಮುಂಗೈ ಒಳಕ್ಕೆ ತಿರುಚಿ ಬಾಣವನ್ನು ಬಿಲ್ಲಿಗೆ ಒತ್ತಿ ಹಿಡಿಯುತ್ತದೆ. ಈ ತಿರುಚು ಮೊಣಕೈಯನ್ನು ಮೇಲಕ್ಕೆತ್ತುವುದರಿಂದ ಬೆನ್ನಿನ ಎಳೆತದ ರೇಖೆಯೂ ಬದಲಾಗುತ್ತದೆ. ಇನ್ನೂ ಮುಖ್ಯವಾದುದು ಕಾಲದ ಪ್ರಶ್ನೆ. ಓಡುವ ಕುದುರೆಯ ಮೇಲೆ ಸೆಳೆದು ನಿಲ್ಲಿಸಿ ಗುರಿ ನೋಡುವ ಬಿಡುವಿಲ್ಲ. ಕುದುರೆಯ ನಾಲ್ಕೂ ಕಾಲು ನೆಲ ಬಿಟ್ಟ ಗಳಿಗೆಯಲ್ಲಿ ಬಾಣ ಹೊರಡಬೇಕು. ಬೆನ್ನು ಇಲ್ಲಿ ಹಿಡಿದು ನಿಲ್ಲುವುದಿಲ್ಲ, ಒಂದೇ ಓಟದಲ್ಲಿ ತೆರೆದುಕೊಳ್ಳುತ್ತದೆ: ಎಡಗೈ ಮುಂದಕ್ಕೆ ತಳ್ಳುತ್ತಿರುವಂತೆಯೇ ಬಲ ಹೆಗಲು ಹಿಂದಕ್ಕೆ ಸರಿದು, ಎದೆ ಅಗಲಿ, ಹೆದೆ ಜಾರುತ್ತದೆ. ಅರಬ್ಬೀ, ಪಾರಸಿ ಬಿಲ್ಲುಗ್ರಂಥಗಳ ಪರಂಪರೆ ಭಾರತಕ್ಕೂ ಬಂದಿತ್ತು. ಬಂಗಾಳದ ಸುಲ್ತಾನ ಹುಸೇನ್ ಶಾಹನಿಗಾಗಿ (1494–1519) ರಚಿತವಾದ ‘ಹಿದಾಯತ್ ಅಲ್-ರಮೀ’ ಅದಕ್ಕೆ ನಿದರ್ಶನ.

ಸಂಯುಕ್ತ ಬಿಲ್ಲಿನ ಶತ್ರು ತೇವ. ಅದರ ಅಂಟು, ನರಗಳು ಮಳೆಗಾಲದಲ್ಲಿ ಸಡಿಲಗೊಳ್ಳುತ್ತವೆ. ಹುಕ್ಕೇರಿಯ ಪಡುವಣ ಅಂಚಿನ ಮಳೆಗೂ ಗೋಕಾಕ, ಮೂಡಲಗಿಯ ಒಣಹವೆಗೂ ಇರುವ ವ್ಯತ್ಯಾಸವನ್ನು ಇಲ್ಲಿ ನೆನೆಯಬೇಕು. ಪೂರ್ವದ ಬಯಲಿನಲ್ಲಿ ವರುಷದ ಬಹುಪಾಲು ಬಳಸಬಹುದಾದ ಬಿಲ್ಲು ಘಟ್ಟದ ಕಡೆಗೆ ಹೋದಂತೆ ಬಟ್ಟೆಯಲ್ಲಿ ಸುತ್ತಿ ಬೆಚ್ಚಗಿಡಬೇಕಾದ ವಸ್ತುವಾಗುತ್ತದೆ. ಪಶ್ಚಿಮದ ಕಾಡಿನ ಗಟ್ಟಿ ಬಿದಿರು ಮಾತ್ರ ಮಳೆಗೆ ಅಷ್ಟಾಗಿ ಅಂಜದು. ಭಾರತದ ಆಯುಧಶಾಲೆಗಳಲ್ಲಿ ಉಳಿದಿರುವ ಉಕ್ಕಿನ ಬಿಲ್ಲುಗಳು ಈ ತೊಡಕಿಗೆ ಕಂಡುಕೊಂಡ ಇನ್ನೊಂದು ಉತ್ತರ. ಹವೆಗೆ ಕೆಡದೆ ವರ್ಷಗಟ್ಟಲೆ ಉಗ್ರಾಣದಲ್ಲಿ ಇರಬಲ್ಲವು. ಆದರೆ ಭಾರ ಹೆಚ್ಚು, ಬಿಟ್ಟಾಗ ಕೈಗೆ ಬಡಿತ ಹೆಚ್ಚು, ಬಾಣದ ವೇಗ ಕಡಿಮೆ. ಇಂತಹ ಬಿಲ್ಲಿನಲ್ಲಿ ಸೆಳೆಯುವ ಹೆಗಲಿಗಿಂತ ಬಿಲ್ಲು ಹಿಡಿದ ಹೆಗಲನ್ನು ಕೆಳಗಿಳಿಸಿ ಭದ್ರಪಡಿಸುವುದು ದೊಡ್ಡ ಕೆಲಸ.

ಸುಲ್ತಾನರ ಸವಾರನ ಬಿಲ್ಲೂ ಗುಡ್ಡದ ಬೇಡನ ಬಿಲ್ಲೂ ಒಂದೇ ಸೀಮೆಯಲ್ಲಿ ಜೊತೆಜೊತೆಗೆ ಬಾಳಿದವು. ಬೇಡರು, ಅಂದರೆ ಹಳೆಯ ಸರಕಾರಿ ಕಾಗದಗಳಲ್ಲಿ ‘ಬೇರಡ’ರೆಂದು ಬರುವ ನಾಯಕ ಸಮುದಾಯದವರು, ಗೋಕಾಕ ಸೀಮೆಯ ಬೆಟ್ಟಗಳಲ್ಲಿ ಬೇಟೆ, ಕಾವಲು, ಸೈನಿಕವೃತ್ತಿಗಳಿಂದ ಬದುಕಿದವರು. ವಸಾಹತು ಕಾಲದ ಬರೆಹಗಳು ಅವರನ್ನು ದರೋಡೆಯ ಕಣ್ಣಿನಿಂದಲೇ ಹೆಚ್ಚಾಗಿ ಕಂಡಿವೆ. ಆ ದಾಖಲೆಗಳಿಂದ ಅವರ ಆಯುಧಕೌಶಲವನ್ನು ಬೇರ್ಪಡಿಸಿ ಓದುವುದು ಸಂಶೋಧಕನ ಹೊಣೆ. ಕೋವಿ ಬಂದಮೇಲೆ ಬಿಲ್ಲು ಯುದ್ಧದಿಂದ ಹಿಂದೆ ಸರಿಯಿತು. 1857ರ ನಿಶ್ಶಸ್ತ್ರೀಕರಣದ ಆಜ್ಞೆಯನ್ನು ವಿರೋಧಿಸಿ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಬಂಡೆದ್ದುದೂ, ಆ ವರ್ಷದ ನವೆಂಬರ್ ಕೊನೆಯಲ್ಲಿ ಇಂಗ್ಲಿಷರ ಸೇನೆ ಊರನ್ನು ಸುಟ್ಟುದೂ, ಡಿಸೆಂಬರಿನಲ್ಲಿ ಹಲವರನ್ನು ಗಲ್ಲಿಗೇರಿಸಿದುದೂ ಪ್ರಸಿದ್ಧ. ಆಯುಧವೆಂಬುದು ಬದುಕಿನ ಅಂಗವಾಗಿದ್ದ ಸಮುದಾಯಕ್ಕೆ ಆ ಆಜ್ಞೆ ಏನಾಗಿತ್ತೆಂಬುದಕ್ಕೆ ಮೂಡಲಗಿಯಿಂದ ಬಹುದೂರವಲ್ಲದ ಆ ಊರೇ ಸಾಕ್ಷಿ.

ಇಪ್ಪತ್ತೊಂದು ವರ್ಷಗಳ ಅನಂತರ ಬಂದ 1878ರ ಆಯುಧ ಕಾಯಿದೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಬಂದೂಕು, ಕತ್ತಿ, ಕಠಾರಿ, ಈಟಿಗಳ ಜೊತೆಗೆ ಬಿಲ್ಲುಬಾಣಗಳೂ ‘ಆಯುಧ’ ಎಂಬ ಪದದ ಕಾನೂನಿನ ವ್ಯಾಖ್ಯೆಯೊಳಗೆ ಹೆಸರಿಸಲ್ಪಟ್ಟವು. ರಣಭೂಮಿಯಲ್ಲಿ ಆಗಲೇ ಹಳತಾಗಿದ್ದ ಬಿಲ್ಲನ್ನು ಕಾನೂನು ಮರೆಯಲಿಲ್ಲ. ಆದರೆ ಲೇಜಿಮು ಆ ಪಟ್ಟಿಯಲ್ಲಿ ಇರಲಿಲ್ಲ. ಹೆದೆಯ ಜಾಗದಲ್ಲಿ ಸರಪಳಿಯಿದ್ದ ಬಿಲ್ಲು ಮುದ್ಗರ, ಮಲ್ಲಕಂಬ, ದಂಡ, ಬೈಠಕಗಳ ಜೊತೆ ಗರಡಿಯಲ್ಲೇ ಉಳಿಯಿತು. ಬಿಲ್ಲು ಮರೆಯಾದ ಸೀಮೆಯಲ್ಲಿ ಬಿಲ್ಲಿನ ಸಾಧನೆ ಮಾತ್ರ ಉಳಿದುದಕ್ಕೆ ಈ ಕಾನೂನೂ ಒಂದು ಕಾರಣವಾಗಿರಬೇಕೆಂದು ಊಹಿಸಲು ಎಡೆಯಿದೆ.

ಗರಡಿಯ ಭಾರದ ಲೇಜಿಮಿಗೂ ಶಾಲೆಯ ಹಗುರ ಲೇಜಿಮಿಗೂ ಇರುವ ಅಂತರ ಗಮನಾರ್ಹ. ಇರಾನಿನ ಜೂರಖಾನೆಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ‘ಕಬ್ಬಾದೆ’ ಲೇಜಿಮಿನ ಹತ್ತಿರದ ಬಂಧು: ಕಬ್ಬಿಣದ ಬಿಲ್ಲು, ಅದಕ್ಕೆ ಬಿಲ್ಲೆಗಳನ್ನು ಪೋಣಿಸಿದ ಸರಪಳಿ. ಸಾಧಕ ಅದನ್ನು ತಲೆಯ ಮೇಲೆತ್ತಿ ಒಮ್ಮೆ ಎಡಗೈಯನ್ನೂ ಒಮ್ಮೆ ಬಲಗೈಯನ್ನೂ ಚಾಚಿ ಎಳೆಯುತ್ತಾನೆ. ಹೆದೆಯ ಬಿಗುಪಿನ ಸ್ಥಾನದಲ್ಲಿ ಇಲ್ಲಿ ಸರಪಳಿಯ ಭಾರವಿದೆ. ಎರಡು ಕೈಗಳೂ ಸರದಿಯಂತೆ ಬಿಲ್ಲು ಹಿಡಿಯುವ ಕೈ, ಸೆಳೆಯುವ ಕೈ ಆಗುವುದರಿಂದ ಬೆನ್ನು ಒಂದೇ ಮಗ್ಗುಲಿಗೆ ವಾಲದೆ ಬೆಳೆಯುತ್ತದೆ. ಬಿಲ್ಲುಗಾರರಲ್ಲಿ ಸಾಮಾನ್ಯವಾದ ಒಂದು ದೋಷಕ್ಕೆ ಇದು ಮದ್ದು. ಸರಪಳಿಯ ಸದ್ದಿಗೂ ಪ್ರಯೋಜನವಿದೆ: ಸೆಳೆತ ತಡವರಿಸಿದರೆ ಲಯ ಒಡೆದು ಉಸ್ತಾದನ ಕಿವಿಗೆ ತಿಳಿಯುತ್ತದೆ. ಒಂದು ಕೊರತೆಯೂ ಇದೆ. ಲೇಜಿಮು ಸೆಳೆತವನ್ನು ಕಲಿಸುತ್ತದೆ, ಬಿಡುಗಡೆಯನ್ನು ಕಲಿಸುವುದಿಲ್ಲ. ಹೆದೆ ಕೈತಪ್ಪಿ ಹೋಗುವ ಆ ಒಂದು ಗಳಿಗೆ ಅದರಲ್ಲಿ ಇಲ್ಲ.

ಬೆಳಗಾವಿ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಆ ಪ್ರಾಂತ್ಯದಲ್ಲಿ 1938ರಲ್ಲಿ ಕಾಂದಿವಲಿಯಲ್ಲಿ ಅಂಗಸಾಧನಾ ಶಿಕ್ಷಕರ ತರಬೇತಿ ಸಂಸ್ಥೆ ಆರಂಭವಾಯಿತು. ದೇಶೀ ವ್ಯಾಯಾಮಗಳಿಗೆ ಶಾಲೆಗಳಲ್ಲಿ ಸ್ಥಾನ ದೊರೆತ ಕಾಲವದು. ಲೇಜಿಮು ಸಾಮೂಹಿಕ ಕವಾಯತಾಗಿ ಮಕ್ಕಳ ಕೈಗೆ ಬಂದಾಗ ಅದರ ಗಾತ್ರ ಕುಗ್ಗಿತು, ಮರದ ಹಿಡಿ ಬಂತು, ಸರಪಳಿ ಹಗುರಾಯಿತು. ಕೈಗಳ ತೆರೆತ ಎದೆಯ ಅಗಲಕ್ಕೆ ಸೀಮಿತವಾಯಿತು. ಬಲಕ್ಕಿಂತ ಲಯ ಮುಖ್ಯವಾದುದು ಇಲ್ಲಿಂದ. ಕುಣಿತವಾಗಿ ಅದು ಪಡೆದ ಚೆಲುವನ್ನು ಅಲ್ಲಗಳೆಯಬೇಕಾದುದಿಲ್ಲ. ಆದರೆ ಶಾಲೆಯ ಲೇಜಿಮನ್ನು ಮಾತ್ರ ಕಂಡು ಅದರಲ್ಲಿ ಬಿಲ್ಲುವಿದ್ಯೆಯನ್ನು ಹುಡುಕುವವರು ನಿರಾಶರಾಗುವುದು ಸಹಜ.

ಮೂರನೆಯ ಘಟ್ಟ ಕ್ರೀಡೆಯದು. 1931ರಲ್ಲಿ ಅಂತಾರಾಷ್ಟ್ರೀಯ ಬಿಲ್ಲುಗಾರಿಕೆ ಒಕ್ಕೂಟ ಸ್ಥಾಪನೆಗೊಂಡಿತು. 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಬಿಲ್ಲುಗಾರಿಕೆ ಮರಳಿ ಸೇರಿತು. 1973ರಲ್ಲಿ ಭಾರತೀಯ ಬಿಲ್ಲುಗಾರಿಕೆ ಸಂಸ್ಥೆ ಹುಟ್ಟಿತು. ಅಮೆರಿಕದ ಹಾಲೆಸ್ ವಿಲ್ಬರ್ ಆಲೆನ್ ರೂಪಿಸಿದ ರಾಟೆಗಳುಳ್ಳ ಕಾಂಪೌಂಡ್ ಬಿಲ್ಲಿಗೆ 1969ರಲ್ಲಿ ಹಕ್ಕುಪತ್ರ ದೊರೆಯಿತು. 2014ರ ಇಂಚಿಯೋನ್ ಏಷ್ಯನ್ ಕ್ರೀಡಾಕೂಟದಲ್ಲಿ ಅದಕ್ಕೆ ಸ್ಥಾನ ಸಿಕ್ಕಿತು. ಭಾರತದ ಸ್ಪರ್ಧೆಗಳಲ್ಲಿ ಬಿದಿರಿನ ಬಿಲ್ಲಿನಿಂದ 30 ಮತ್ತು 50 ಮೀಟರಿನ ಗುರಿಗೆ ಎಸೆಯುವ ‘ಇಂಡಿಯನ್ ರೌಂಡ್’ ಎಂಬ ವಿಭಾಗವಿದೆ. ಹಳ್ಳಿಯ ಮಕ್ಕಳಲ್ಲಿ ಅನೇಕರು ಮೊದಲು ಹಿಡಿಯುವುದು ಈ ಬಿಲ್ಲನ್ನೇ, ಕಾರಣ ಬೆಲೆ. ಮುಂದೆ ರಿಕರ್ವ್‌ಗೋ ಕಾಂಪೌಂಡಿಗೋ ಹೋಗುವಾಗ ಧನುರ್ವೇದದವರು ಎದುರಿಸಿದ ಪ್ರಶ್ನೆ ಹೊಸ ರೂಪದಲ್ಲಿ ಎದುರಾಗುತ್ತದೆ.

ಬಿದಿರಿನ ಬಿಲ್ಲನ್ನು ಪೂರ್ಣ ಸೆಳೆತದಲ್ಲಿ ಬಹಳ ಹೊತ್ತು ಹಿಡಿಯಬಾರದು. ಹಿಡಿದಷ್ಟೂ ಬಿದಿರಿನ ನಾರು ಸೋತು ಬಾಣದ ಓಟ ತಗ್ಗುತ್ತದೆ. ಬೆನ್ನು ತುಂಬಿದೊಡನೆ ಬಿಡುವುದು ಅಲ್ಲಿಯ ಕ್ರಮ. ರಿಕರ್ವಿನಲ್ಲಿ ಹೆದೆ ಗದ್ದಕ್ಕೆ ಬಂದು ನಿಂತ ಮೇಲೂ ಬಾಣದ ಮೊನೆ ಕ್ಲಿಕ್ಕರ್ ಎಂಬ ಲೋಹದ ಪಟ್ಟಿಯಡಿ ಕೆಲವು ಮಿಲಿಮೀಟರ್ ಉಳಿದಿರುತ್ತದೆ. ಆ ಕೊನೆಯ ಸರಿತವನ್ನು ಕೈ ಮಾಡಬಾರದು, ಹೆಗಲಹಲಗೆಯೇ ಮಾಡಬೇಕು. ಕಾಂಪೌಂಡಿನಲ್ಲಿ ಬಿಗುಪು ಸೆಳೆತದ ನಡುವಿನಲ್ಲೇ ಶಿಖರಕ್ಕೇರಿ, ರಾಟೆ ತಿರುಗಿದೊಡನೆ ಶೇಕಡಾ 65ರಿಂದ 80ರಷ್ಟು ಇಳಿದುಬಿಡುತ್ತದೆ. ಬಿದಿರಿಗೆ ಒಗ್ಗಿದ ಬೆನ್ನು ಭಾರ ಇಳಿದ ಆ ಗಳಿಗೆಯಲ್ಲಿ ಸಡಿಲಗೊಳ್ಳಲು ಬಯಸುತ್ತದೆ. ಸಡಿಲಗೊಂಡರೆ ಹೆದೆ ಮುಂದಕ್ಕೆ ಜಗ್ಗಿಕೊಂಡು ಹೋಗುತ್ತದೆ. ಭಾರವಿಲ್ಲದಾಗಲೂ ಎಳೆತವನ್ನು ಉಳಿಸಿಕೊಳ್ಳುವುದು ಅಲ್ಲಿ ಕಲಿಯಬೇಕಾದ ಪಾಠ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ ಕಾರ್ಯಕ್ರಮಕ್ಕೆ ಕಾಂಪೌಂಡಿನ ಮಿಶ್ರ ತಂಡ ಸ್ಪರ್ಧೆ ಸೇರಿರುವುದರಿಂದ ಈ ದಾಟುವಿಕೆ ಇನ್ನು ಮುಂದೆ ಹೆಚ್ಚಿನ ಎಳೆಯರ ಪಾಲಿಗೆ ಬರಲಿದೆ.

ಇಂತಹ ದಾಟುವಿಕೆಯ ತರಬೇತಿಗೆ ಇಂದು ರಬ್ಬರ್ ಪಟ್ಟಿಗಳನ್ನು ಬಳಸಲಾಗುತ್ತದೆ: ಬಾಣವಿಲ್ಲದೆ, ಗುರಿಯಿಲ್ಲದೆ, ಎದೆಯೆತ್ತರದಲ್ಲಿ ಚಾಚಿ ಎಳೆದು ಹೆಗಲಹಲಗೆಗಳನ್ನು ಕೂಡಿಸುವ ಸಾಧನೆ. ಭಾರದ ಲೇಜಿಮು ಮಾಡಿಸುತ್ತಿದ್ದುದೂ ಇದನ್ನೇ. ಗೋಕಾಕ, ಹುಕ್ಕೇರಿ ಕಡೆಯ ಹಳೆಯ ತಾಲೀಮುಗಳಲ್ಲಿ ಮೂಲೆಹಿಡಿದಿರಬಹುದಾದ ಅಂತಹ ಲೇಜಿಮುಗಳ ತೂಕ, ದಂಡದ ಉದ್ದ, ಸರಪಳಿಯನ್ನು ಪೂರ್ತಿ ತೆರೆದಾಗಿನ ಅಳತೆ ಇಷ್ಟನ್ನು ತಾಲ್ಲೂಕುವಾರು ದಾಖಲಿಸಿ ಧನುರ್ವೇದದ ಐದು ವ್ಯಾಯಗಳ ಪಕ್ಕದಲ್ಲಿಟ್ಟರೆ, ಅವುಗಳನ್ನು ಮಾಡಿಸಿದವರ ಕಣ್ಣ ಮುಂದೆ ಕಿವಿಯವರೆಗೆ ಸೆಳೆಯುವ ಉದ್ದ ಬಿಲ್ಲು ಇತ್ತೋ ಸವಾರನ ಗಿಡ್ಡ ಬಿಲ್ಲು ಇತ್ತೋ ಎಂಬುದನ್ನು ತೂಗಿ ನೋಡಬಹುದು. ಕಬ್ಬಿಣವನ್ನು ಗುಜರಿಗೆ ಹಾಕುವ ಮುನ್ನ ಆಗಬೇಕಾದ ಕೆಲಸವಿದು.